ಸಾಹೇಬರ ಕುರ್ಚಿ

ನಮ್ಮ ಕಚೇರಿಗೆ ಬರುವವರು ಮೆಟ್ಟಿಲು ಹತ್ತುವಾಗಲೇ ಜಗಳ ಶುರುಮಾಡಿರುತ್ತಾರೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ನಾವು. ಮೆಟ್ಟಿಲು ಬಹಳ ಕಡಿದು. ಅರ್ಧ ಸಿಟ್ಟು ಏದುಸಿರಿನಲ್ಲೇ ಕರಗಿಹೋಗುತ್ತದೆ, ಉಳಿದರ್ಧ ನಮ್ಮ ಪಾಲಿಗೆ ಬರುತ್ತದೆ. ಸರ್ಕಾರಿ ಶಾಲೆಗೂ ಮಕ್ಕಳ ಮನೆಯವರಿಗೂ ನಡುವೆ ಎಲ್ಲಾದರೂ ಗಂಟು ಬಿದ್ದರೆ ಅದನ್ನು ಬಿಡಿಸಿಕೊಡುವುದು ನಮ್ಮ ಕೆಲಸ. ಮಗುವನ್ನು ಹಿಂದಿನ ಬೆಂಚಿಗೆ ಕೂರಿಸಿದರು, ಕೊಳಲು ಕೇಳಿದವಳಿಗೆ ಡೋಲು ಕೊಟ್ಟರು, ಈಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ, ಇಂಥವು. ನಾವು ಶಾಲೆಯ ಕಡೆಯವರೂ ಅಲ್ಲ, ಮನೆಯ ಕಡೆಯವರೂ ಅಲ್ಲ. ಹಾಗಾಗಿ ಇಬ್ಬರೂ ನಮ್ಮನ್ನು ಎದುರು ಕಡೆಯವರೆಂದೇ ನಂಬಿರುತ್ತಾರೆ.

ಕಚೇರಿಯಲ್ಲಿ ಇರುವುದು ಇಬ್ಬರೇ. ಒಬ್ಬರು ದೊಡ್ಡಕ್ಕ. ಅವರು ಯಾರ ಅಕ್ಕನೋ ನನಗೆ ಗೊತ್ತಿಲ್ಲ. ಬಂದವರೆಲ್ಲ ಹಾಗೇ ಕರೆಯುತ್ತಾರೆ, ಅವರಿಗಿಂತ ಹಿರಿಯರೂ. ಇನ್ನೊಬ್ಬಳು ನಾನು. ಡಿಗ್ರಿ ಮುಗಿಸಿ ಇಲ್ಲಿ ಕೆಲಸ ಕೇಳಲು ಬಂದ ದಿನ ನನ್ನಿಂದ ಒಂದು ವಾಕ್ಯವೂ ಪೂರ್ತಿ ಹೊರಬಿದ್ದಿರಲಿಲ್ಲ. 

“ಸಾಕು ಬಿಡು ಗುಬ್ಬಿ, ಕಷ್ಟಪಡ್ಬೇಡ,” ಎಂದಿದ್ದರು ದೊಡ್ಡಕ್ಕ. “ಇಲ್ಲಿಗೆ ಬರೋರೆಲ್ಲ ಮಾತಾಡಕ್ಕೇ ಬರ್ತಾರೆ. ಕೇಳೋಕೂ ಒಬ್ರು ಬೇಡ್ವಾ?”

ಅಂದಿನಿಂದ ನಾನು ಗುಬ್ಬಿ. ಕೇಳುವುದು, ನೀರು ಕೊಡುವುದು, ಕುರ್ಚಿ ಹಾಕುವುದು ನನ್ನ ಪಾಲು.

ಕುರ್ಚಿ ಹಾಕುವುದೆಂದರೆ ಹಗುರ ಕೆಲಸವೇನಲ್ಲ. ನಮ್ಮ ಇಡೀ ಕಸುಬು ನಿಂತಿರುವುದೇ ಎರಡು ಕುರ್ಚಿಗಳ ಮೇಲೆ. ಒಂದು ಬೆತ್ತದ್ದು, ಇನ್ನೊಂದು ಮಡಚುವ ಕಬ್ಬಿಣದ್ದು. ಮೊದಲು ಇಬ್ಬರೂ ತಂತಮ್ಮ ಕುರ್ಚಿಯಲ್ಲಿ ಕೂತು ತಂತಮ್ಮ ದೂರು ಹೇಳಬೇಕು. ಆಮೇಲೆ ದೊಡ್ಡಕ್ಕ ಚಪ್ಪಾಳೆ ತಟ್ಟಿ “ಎದ್ದೇಳಿ, ಕುರ್ಚಿ ಬದ್ಲಾಯಿಸಿ” ಎನ್ನುತ್ತಾರೆ. ಎದುರಿನವರ ಕುರ್ಚಿಯಲ್ಲಿ ಕೂತ ಮೇಲೆ ಎದುರಿನವರ ದೂರನ್ನೇ ತನ್ನದೆಂಬಂತೆ ಹೇಳಬೇಕು, ಅವರು “ಹೌದು, ಇದೇ ನನ್ನ ಸಂಕಟ” ಎನ್ನುವವರೆಗೂ. ಕೊನೆಗೆ ಇಬ್ಬರನ್ನೂ ಅವರವರ ಕುರ್ಚಿಗೆ ವಾಪಸ್ ಕೂರಿಸಿದರೆ ಮುಕ್ಕಾಲು ಜಗಳ ಮುಗಿದ ಹಾಗೆ. ಈ ವಾಪಸ್ ಕೂರಿಸುವುದೇ ಮುಖ್ಯ. “ಅಂಗೀನ ಒಳಮಗ್ಗುಲು ಮಾಡಿ ಒಗೀತೀವಿ, ಸರಿ. ಹಾಗೇ ಹಾಕ್ಕೊಂಡು ಬೀದಿಗೆ ಹೋಗ್ತೀವಾ?” ಎಂದು ದೊಡ್ಡಕ್ಕ ನನಗೆ ಎಷ್ಟೋ ಸಲ ಹೇಳಿದ್ದರು.

ಅಂಥ ದೊಡ್ಡಕ್ಕನ ಗಂಟಲು ಹೋಯಿತು. ಕಿವಿ ಮಂದವಾದ ಒಬ್ಬ ಅಜ್ಜನಿಗೂ, ಕಿವಿಗೆ ಹತ್ತಿ ಇಟ್ಟುಕೊಂಡೇ ಓಡಾಡುವ ಒಬ್ಬ ಸಂಗೀತದ ಮೇಷ್ಟರಿಗೂ ವಾರವಿಡೀ ರಾಜಿ ಮಾಡಿಸಿದ್ದರ ಫಲ ಅದು. ರಾಜಿಯೇನೋ ಆಯಿತು. ದೊಡ್ಡಕ್ಕನ ಬಾಯಿಂದ ಮಾತ್ರ ಎಣ್ಣೆ ಕಾಣದ ಬಾಗಿಲಿನ ಸದ್ದೊಂದೇ ಉಳಿಯಿತು. ಮಾತಾಡಕೂಡದು, ಮನೆಯಲ್ಲಿ ಮಲಗಿರಬೇಕು ಎಂದರು ಡಾಕ್ಟರು.

ಅದೇ ದಿನ ಟೈಲರಮ್ಮ ಮೆಟ್ಟಿಲು ಹತ್ತಿ ಬಂದರು. ಪರದೆ, ದಿಂಬಿನ ಕವರು, ಶಾಲೆಯ ಸಮವಸ್ತ್ರ ಹೊಲಿದು ಮಗಳನ್ನು ಸಾಕುತ್ತಿರುವ ಹೆಂಗಸು. ಏದುಸಿರು ಬಿಡುತ್ತಿದ್ದರೂ ಇವರ ಸಿಟ್ಟು ಒಂದಿಷ್ಟೂ ಕರಗಿರಲಿಲ್ಲ.

“ನೋಡಮ್ಮಾ, ಆ ದರಿದ್ರ ಬಾತು ನನ್ನ ಮಗಳನ್ನ ಶಾಲೆ ಗೇಟು ದಾಟಕ್ಕೆ ಬಿಡ್ತಿಲ್ಲ!”

“ಬಾತು ಅಂದ್ರೆ… ಬಾತುಕೋಳಿನಾ?” ಎಂದೆ.

“ಬಾತುಕೋಳಿ ಆಗಿದ್ರೆ ಕಂಕುಳಲ್ಲಿ ಎತ್ಕೊಂಡು ಹೋಗಿ ಕೆರೆಗೆ ಬಿಟ್ಟು ಬರ್ತಿದ್ದೆ. ಹೆಬ್ಬಾತು! ಕತ್ತು ಹಿಂಗಿದೆ!” ಅವರು ತೋಳು ಚಾಚಿ, ಬೆರಳುಗಳನ್ನು ಕೊಕ್ಕು ಮಾಡಿ, ನನ್ನ ಮೇಜಿನ ಮೇಲಿದ್ದ ಗೋಂದಿನ ಬಾಟಲಿಗೆ ಕುಟುಕಿದರು. ಬಾಟಲಿ ಉರುಳಿತು. “ಬೇರೆ ಮಕ್ಳನ್ನೆಲ್ಲ ಬಿಟ್ಟು ಇವಳ ಮೇಲೇ ಬೀಳತ್ತೆ. ಇವಳು ಅಳ್ತಾ ವಾಪಸ್ ಬರ್ತಾಳೆ. ಈಗಂತೂ ಬೀದಿ ತಿರುವಿಗೇ ನಿಂತ್ಬಿಡ್ತಾಳೆ. ಹೆಡ್‌ಮಾಸ್ಟ್ರು ಏನಂತಾರೆ ಗೊತ್ತಾ? ಶನಿವಾರದೊಳಗೆ ಕ್ಲಾಸಲ್ಲಿ ಕೂರದಿದ್ರೆ ಹೆಸರು ತೆಗೀತಾರಂತೆ! ಆಮೇಲೆ ಹೊಳೆಯಾಚೆ ಶಾಲೆ. ಎರಡು ಬಸ್ಸು ಹತ್ತಿಳಿಸಿ ಕರ್ಕೊಂಡು ಹೋಗಕ್ಕೆ ನಾನು ಮಷೀನ್ ಬಿಟ್ಟು ಏಳಕ್ಕಾಗತ್ತಾ? ಇವಳ ಓದು ಅಲ್ಲಿಗೆ ಮುಗೀತು ಅಷ್ಟೇ.”

ಮಗಳು ಪುಟ್ಟಿ ಅಮ್ಮನ ಹಿಂದೆ ನಿಂತಿದ್ದಳು. ಎರಡನೇ ಕ್ಲಾಸು. ಬೂದು ಬಣ್ಣದ ಸಮವಸ್ತ್ರಕ್ಕೆ ಕೆಳಗಡೆ ಪರದೆ ಬಟ್ಟೆಯ ಫ್ರಿಲ್ಲು, ತೋಳಿಗೆ ದಿಂಬಿನ ಕವರಿನ ಫ್ರಿಲ್ಲು. ಬ್ಯಾಗಿಗೂ ಇತ್ತು. ನೀರಿನ ಬಾಟಲಿ ಕೂಡ ಫ್ರಿಲ್ಲಿನ ಲಂಗ ತೊಟ್ಟುಕೊಂಡಿತ್ತು. ಅವಳು ಅಂದು ಆಡಿದ್ದು ಒಂದೇ ಮಾತು, ಅದೂ ನೆಲಕ್ಕೆ: “ನನ್ನ ಪಕ್ಕ ಕೂರೋಳು ಈಗ ಒಬ್ಳೇ ಕೂತಿರ್ತಾಳೆ.”

ನೆಲವನ್ನು ನೋಡಿಕೊಂಡು ಮಾತಾಡುವವರನ್ನು ಕಂಡರೆ ನನಗೆ ತಕ್ಷಣ ಅರ್ಥವಾಗುತ್ತದೆ. ಆ ಹುಡುಗಿಯನ್ನು ಹೇಗಾದರೂ ಆ ಬೆಂಚಿಗೆ ಮುಟ್ಟಿಸಬೇಕು ಎನಿಸಿತು. ಹೇಗೆ ಎಂಬುದು ದೊಡ್ಡಕ್ಕನ ಗಂಟಲಿನೊಳಗೆ ಸಿಕ್ಕಿಕೊಂಡಿತ್ತು.

ಮಧ್ಯಾಹ್ನ ಹೆಡ್‌ಮಾಸ್ಟರನ್ನು ಕರೆಯಲು ನಾನೇ ಶಾಲೆಗೆ ಹೋದೆ. ಗೇಟಿನ ಬಳಿ ಹೆಬ್ಬಾತು ಎದೆ ಮುಂದೆ ಮಾಡಿ ಅತ್ತಿಂದಿತ್ತ ತಿರುಗುತ್ತಿತ್ತು, ತಪಾಸಣೆಗೆ ಬಂದ ಅಧಿಕಾರಿಯ ಹಾಗೆ. ಮಕ್ಕಳು ಅದಕ್ಕೆ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಸಾಹೇಬರು ನನ್ನನ್ನು ಒಂದು ಕಣ್ಣಿನಲ್ಲಿ ನೋಡಿ, ಗೋಡೆಯ ಒಂದು ತುಂಡೆಂದು ಬಗೆದರೋ ಏನೋ, ಸುಮ್ಮನಾದರು. ನನ್ನನ್ನು ಹಾಗೆ ಬಗೆದವರಲ್ಲಿ ಅವರೇ ಮೊದಲಿಗರಲ್ಲ.

“ಕೆರೆ ಕಡೆಯಿಂದ ತಾವಾಗೇ ಬಂದು ಸೇರ್ಕೊಂಡ್ರು,” ಎಂದರು ಹೆಡ್‌ಮಾಸ್ಟರು. ಉದ್ದಕ್ಕೆ, ತೆಳ್ಳಗೆ, ಬಗ್ಗಿದ ದೋಟಿಯಂತಿದ್ದರು. “ಯಾರ ಶಿಫಾರಸೂ ಇಲ್ದೆ ನಮ್ಮ ಶಾಲೆಗೆ ಬಂದ ಒಬ್ಬರೇ ಸಿಬ್ಬಂದಿ ಅಂದ್ರೆ ಅವರು. ಮೊದಲೆಲ್ಲ ಬೆಲ್ ಹೊಡೆದ ಮೇಲೂ ಮಕ್ಳು ಮೆರವಣಿಗೆ ಥರ ನಿಧಾನಕ್ಕೆ ಬರೋವು. ಈಗ ನೋಡಿ, ಒಬ್ರೂ ತಡ ಇಲ್ಲ.”

“ಅವರು ಕಚ್ತಾರಂತಲ್ಲಾ ಸಾರ್,” ಎಂದೆ.

“ಕಚ್ಚಲ್ಲಮ್ಮ. ಎಚ್ಚರಿಸ್ತಾರೆ.”

ಮರುದಿನ ಮಾತುಕತೆ. ದೊಡ್ಡಕ್ಕ ಮನೆಯಲ್ಲಿ. ಟೈಲರಮ್ಮ ಬೆತ್ತದ ಕುರ್ಚಿಯಲ್ಲಿ, ಹೆಡ್‌ಮಾಸ್ಟರು ಕಬ್ಬಿಣದ್ದರಲ್ಲಿ. ಪುಟ್ಟಿ ಕೆಳಗೆ ಸೈಕಲ್ ಅಂಗಡಿಯಲ್ಲಿ, ಚಕ್ರ ತಿರುಗುವುದನ್ನು ನೋಡುತ್ತ ಕೂತಿದ್ದಳು. ಇಬ್ಬರೂ ತಂತಮ್ಮ ದೂರು ಹೇಳಿ ಮುಗಿಸಿದರು. ನಾನು ನೀರಿನ ಜಗ್ಗಿನ ಕಡೆ ತಿರುಗಿ, “ಕುರ್ಚಿ… ಬದ್ಲಾಯಿಸಿ,” ಎಂದೆ. ಜಗ್ಗು ಅಲ್ಲಾಡಲಿಲ್ಲ, ಪುಣ್ಯಕ್ಕೆ ಅವರಿಬ್ಬರೂ ಎದ್ದರು.

ಹೆಡ್‌ಮಾಸ್ಟರು ಬೆತ್ತದ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪಾಠ ಒಪ್ಪಿಸುವವರಂತೆ ಶುರುಮಾಡಿದರು. “ನಾನು ಒಬ್ಬ ಟೈಲರ್. ನನಗೆ ಒಬ್ಬಳು ಮಗಳು. ಅವಳಿಗೆ ಬಾತಿನಿಂದ ತೊಂದರೆಯಾಗಿದೆ.”

“ಅಯ್ಯ, ನಾನು ಹಿಂಗೆ ಗೊಣಗ್ತೀನಾ?” ಎಂದರು ಟೈಲರಮ್ಮ. “ಹೊಟ್ಟೆ ಉರಿಬೇಕು ಸಾರ್, ಹೊಟ್ಟೆ! ಇನ್ನೊಂದ್ಸಲ ಹೇಳಿ.”

ಹೆಡ್‌ಮಾಸ್ಟರು ಇನ್ನೊಂದು ಸಲ ಹೇಳಿದರು. ಮತ್ತೊಂದು ಸಲ ಹೇಳಿದರು. ಹೇಳುತ್ತ ಹೇಳುತ್ತ ಅವರ ಕೈ ಮೇಲೆದ್ದಿತು, ಮೇಜಿಗೆ ಬಡಿಯಿತು. “ಬೆಳಿಗ್ಗೆಯಿಂದ ಸಂಜೆವರೆಗೂ ಪೆಡಲ್ ತುಳಿಯೋದು ಯಾರಿಗೋಸ್ಕರ? ಆ ಮಗುಗೋಸ್ಕರ! ಒಂದು ಯಃಕಶ್ಚಿತ್ ಬಾತಿನ ಕೊಕ್ಕಿಗೆ ಹೆದರಿ ನನ್ನ ಮಗಳ ವಿದ್ಯೆ ಮಣ್ಣುಪಾಲಾಗ್ಬೇಕಾ?” ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಟೈಲರಮ್ಮನೇನು ಕಡಿಮೆಯೇ? ಅವರು ಮೇಜಿನ ಮೇಲಿದ್ದ ಕನ್ನಡಕ ಎತ್ತಿ ಮೂಗಿಗೇರಿಸಿಕೊಂಡು, ಕತ್ತು ಮುಂದೆ ಚಾಚಿದರು. “ನೋಡಿಯಮ್ಮ, ಶಾಲೆ ಅಂದ್ಮೇಲೆ ಶಿಸ್ತು ಬೇಡ್ವಾ? ಇಷ್ಟೊಂದು ಮಕ್ಳನ್ನ ನಾನೊಬ್ಬ ಗೇಟಲ್ಲಿ ನಿಂತು ಕಾಯಕ್ಕಾಗತ್ತಾ? ಬಿಸಿಲಲ್ಲಿ ನಿಲ್ಲೋರು ಯಾರು? ಸಾಹೇಬ್ರು! ಯಾವತ್ತಾದ್ರೂ ರಜೆ ಕೇಳಿದಾರಾ? ಬಡ್ತಿ ಕೇಳಿದಾರಾ? ಅಂಥವರನ್ನ ದರಿದ್ರ ಅನ್ನಕ್ಕೆ ನಾಲಿಗೆ ಹೇಗೆ ಬರತ್ತೆ ನಿಮಗೆ?”

“ಹೌದು, ಇದೇ ನನ್ನ ಸಂಕಟ!” ಎಂದು ಹೆಡ್‌ಮಾಸ್ಟರು ಅರ್ಧ ಎದ್ದರು. ತಾನು ಈಗ ತಾಯಿ ಎಂಬುದು ನೆನಪಾಗಿ ಮತ್ತೆ ಕೂತರು. “ಇದೇ ನಿಮ್ಮ ಅಹಂಕಾರ!”

ಈ ಹೊತ್ತಿಗೆ ನಾನು ಅವರನ್ನು ಅವರವರ ಕುರ್ಚಿಗೆ ಕಳಿಸಬೇಕಿತ್ತು. ಬಾಯಿ ತೆರೆದೆ. ಆದರೆ ಇಬ್ಬರೂ ಅಷ್ಟು ಚೆನ್ನಾಗಿ ಜಗಳವಾಡುತ್ತಿದ್ದರು, ನಡುವೆ ಬಾಯಿ ಹಾಕುವುದು ಹೇಗೆ? ಒಬ್ಬರು ಉಸಿರು ತೆಗೆದುಕೊಳ್ಳುವಾಗ ಹೇಳೋಣವೆಂದು ಕಾದೆ. ಆ ಉಸಿರಿನೊಳಗೆ ಇನ್ನೊಬ್ಬರು ನುಗ್ಗುತ್ತಿದ್ದರು. ನೀರು ಕುಡಿದೆ. ಮತ್ತೆ ಬಾಯಿ ತೆರೆದೆ. ಅಷ್ಟರಲ್ಲಿ ಹೆಡ್‌ಮಾಸ್ಟರು, “ನನ್ನ ಮಗಳಿಗೆ ನ್ಯಾಯ ಸಿಗೋವರೆಗೂ ಬಿಡಲ್ಲ!” ಎಂದು ಎದ್ದರು. ಟೈಲರಮ್ಮ, “ಶಾಲೆ ನಿಯಮ ಅಂದ್ರೆ ನಿಯಮ!” ಎಂದು ಅವರ ಹಿಂದೆಯೇ ಹೊರಟರು. ಕನ್ನಡಕ ಟೈಲರಮ್ಮನ ಮೂಗಿನ ಮೇಲೇ ಇತ್ತು. ಕೆಳಗಿನಿಂದ ಪುಟ್ಟಿಯ ದನಿ ಕೇಳಿಸಿತು: “ಅಮ್ಮಾ, ಯಾಕೆ ಗೋಡೆ ಹಿಡ್ಕೊಂಡು ನಡೀತಿದೀಯಾ?”

ಮರುದಿನ ಬೆಳಿಗ್ಗೆ ದೊಡ್ಡಕ್ಕ ಕುತ್ತಿಗೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು, ಡಾಕ್ಟರ ಮಾತು ಮೀರಿ ಬಂದರು. ನಡೆದದ್ದನ್ನು ಹೇಳಿದೆ. ಅವರು ಒಳಮಗ್ಗುಲು ಮಾಡಿದ ಅಂಗಿಯನ್ನು ಮತ್ತೆ ಸರಿಯಾಗಿ ತಿರುಗಿಸುವಂತೆ ಕೈ ಆಡಿಸಿ, ಹುಬ್ಬೇರಿಸಿ ನನ್ನತ್ತ ನೋಡಿದರು. ಇಲ್ಲವೆಂದು ತಲೆಯಾಡಿಸಿದೆ. ದೊಡ್ಡಕ್ಕ ಹಣೆಯನ್ನು ಮೇಜಿನ ಮೇಲಿಟ್ಟರು. ಅವರ ಗಂಟಲಿನಿಂದ ಬಾಗಿಲು ಕಿರುಗುಟ್ಟಿದ ಸದ್ದು ಬಂತು.

ಆಗ ಮೆಟ್ಟಿಲ ಮೇಲೆ ಹೆಡ್‌ಮಾಸ್ಟರ ತಲೆ ಕಾಣಿಸಿತು. ಆಮೇಲೆ ಅವರ ಕೈಯಲ್ಲಿದ್ದ ಬಟ್ಟೆ ಒಗೆಯಲು ಹಾಕುವ ದೊಡ್ಡ ಬುಟ್ಟಿ. ಬುಟ್ಟಿಯ ಮೇಲೆ ಟವೆಲು. ಟವೆಲಿನ ಮೇಲೆ, ಅಂಚಿನಿಂದ ಹೊರಬಂದ ಒಂದು ಬಿಳಿ ಕತ್ತು.

“ತಗೊಳ್ಳಿ ಇದನ್ನ,” ಎಂದರು ಹೆಡ್‌ಮಾಸ್ಟರು. “ಎಲ್ಲಿಗಾದ್ರೂ ಕಳಿಸಿ. ಒಬ್ಬ ತಾಯಿಗೆ ಕಣ್ಣೀರು ಹಾಕಿಸಿದ ಪ್ರಾಣಿ ನನ್ನ ಶಾಲೇಲಿ ಇರಕೂಡ್ದು.” ಅವರ ಮುಂಗೈ ಮೇಲೆ ಪಟ್ಟಿಯಿತ್ತು. ಕನ್ನಡಕವಿಲ್ಲದೆ ಮೊದಲು ಬಿಳಿ ಬಣ್ಣದ ಕಸದ ಡಬ್ಬಿಯನ್ನೇ ಅಪ್ಪಿ ಹಿಡಿದರಂತೆ; ಅದನ್ನು ಸಾಹೇಬರು ಹಿಂದಿನಿಂದ ನೋಡಿ, ತಮ್ಮ ಅಭಿಪ್ರಾಯ ತಿಳಿಸಿದರಂತೆ.

ಅವರ ಬೆನ್ನಿಗೇ ಟೈಲರಮ್ಮ, ಪುಟ್ಟಿಯ ಕೈ ಹಿಡಿದು, ಹೆಡ್‌ಮಾಸ್ಟರ ಕನ್ನಡಕ ಹಾಕಿಕೊಂಡು ಬಂದರು. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತಿದ್ದರಿಂದ ಮುಖ ಕೆಂಪಾಗಿತ್ತು.

“ಸಾಹೇಬ್ರನ್ನ ಬುಟ್ಟೀಲಿ ಹಾಕಿದೀರಾ? ಬುಟ್ಟೀಲಿ! ಅಷ್ಟು ಸೇವೆ ಮಾಡಿದವರನ್ನ! ಇವರು ಹೋದ್ರೆ ನಾಳೆ ಗೇಟಲ್ಲಿ ಯಾರು ನಿಲ್ತಾರೆ, ನೀವಾ?”

“ನಿಮಗೆ ಮಗಳ ಮೇಲೆ ಕರುಳಿಲ್ವೇನ್ರೀ?” ಎಂದು ಹೆಡ್‌ಮಾಸ್ಟರು ಅವರ ಮಗಳ ಪರವಾಗಿ ಅವರ ಮೇಲೇ ಎಗರಿದರು.

“ನಿಮಗೆ ಶಾಲೆ ಮೇಲೆ ಗೌರವ ಇಲ್ವೇನ್ರೀ?”

ದೊಡ್ಡಕ್ಕ ಜೋರಾಗಿ ಚಪ್ಪಾಳೆ ತಟ್ಟಿ, ಕುರ್ಚಿಗಳತ್ತ ಕೈ ತೋರಿಸಿದರು. ನಾನು ಅವರ ಬಾಯಾಗಿ, “ನಿಮ್ಮ… ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ,” ಎಂದೆ. ಟೈಲರಮ್ಮ ನೆಟ್ಟಗೆ ಹೋಗಿ ಕಬ್ಬಿಣದ ಕುರ್ಚಿಯಲ್ಲಿ ಕೂತರು. ಹೆಡ್‌ಮಾಸ್ಟರು ಬೆತ್ತದ್ದರಲ್ಲಿ.

“ಅದು ಅವರದ್ದು, ಇದು ನಿಮ್ದು,” ಎಂದು ತೋರಿಸಿದೆ.

“ಆ ಕುರ್ಚಿಗೆ ನಾನ್ಯಾಕೆ ಹೋಗ್ಲಿ?” ಎಂದರು ಟೈಲರಮ್ಮ. “ಅಲ್ಲಿ ಕೂತೋರಿಗೆ ತಲೆ ಸರಿಯಿಲ್ಲ. ಕಾಣ್ತಿಲ್ವಾ?”

ಇದು ನನ್ನ ತಪ್ಪಿನ ಫಲ. ಶನಿವಾರ ಎಂದರೆ ನಾಳೆ. ಸಾಹೇಬರು ಇದ್ದರೂ ಜಗಳ, ಹೋದರೂ ಜಗಳ. ಜಗಳ ನಿಲ್ಲದಿದ್ದರೆ ಪುಟ್ಟಿಯ ಹೆಸರು ಹೋಗುತ್ತದೆ. ಎಲ್ಲಿ ಪುಟ್ಟಿ ಎಂದು ನೋಡಿದೆ.

ಪುಟ್ಟಿ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವಳ ಮುಖ, ಸಾಹೇಬರ ಮುಖ ಎರಡೂ ಒಂದೇ ಎತ್ತರದಲ್ಲಿದ್ದವು. ಅವಳು ಕೈಗಳನ್ನೂ ಲಂಗದ ಅಂಚನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು, ಅಲ್ಲಾಡದೆ ಕೂತಿದ್ದಳು. ಸಾಹೇಬರೂ ಸುಮ್ಮನಿದ್ದರು. ಬಾಯಿ ಮುಚ್ಚಿಕೊಂಡು ಕೂತಿದ್ದವರು ಆ ಕೋಣೆಯಲ್ಲಿ ಅವರಿಬ್ಬರೇ, ದೊಡ್ಡಕ್ಕನನ್ನು ಬಿಟ್ಟರೆ.

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. “ನಿನಗೊಂದು ಕುರ್ಚಿ ಹಾಕ್ಲಾ?”

ಅವಳು ತಲೆಯಾಡಿಸಿದಳು, ಬೇಡವೆಂದು. “ನಾನೇನು ಹೇಳಿದ್ರೂ ಅಮ್ಮಂಗೆ ಬೇಜಾರಾಗತ್ತೆ ಅಕ್ಕಾ.”

ಅವಳ ಕುರ್ಚಿ ಅವಳಿಗೆ ಬೇಡ. ನನಗಾಗಿದ್ದರೂ ಬೇಡವೆನ್ನುತ್ತಿದ್ದೆ. ಆಗ ನನಗೆ ಹೊಳೆದದ್ದು ಬುದ್ಧಿವಂತಿಕೆಯೋ ಹೆದರಿಕೆಯೋ ಇಂದಿಗೂ ಗೊತ್ತಿಲ್ಲ. “ಹಾಗಾದ್ರೆ ಸಾಹೇಬ್ರಿಗೆ ಹಾಕೋಣ,” ಎಂದೆ. “ಅವರಿಗೆ ನಮ್ಮ ಭಾಷೆ ಬರಲ್ಲ. ಅವರ ಕುರ್ಚೀಲಿ ನೀನು ಕೂರು.”

ಅಟ್ಟದ ಸಾಮಾನು ತೆಗೆಯಲು ಬಳಸುವ ಎತ್ತರದ ಸ್ಟೂಲನ್ನು ತಂದು ಎರಡು ಕುರ್ಚಿಗಳ ನಡುವೆ ಇಟ್ಟೆ. ಪುಟ್ಟಿ ಹತ್ತಿ ಕೂತಳು. ಕೂತವಳೇ ಬೆನ್ನು ನೆಟ್ಟಗೆ ಮಾಡಿ, ಎದೆ ಉಬ್ಬಿಸಿ, ಕತ್ತು ಎತ್ತಿ, ನಮ್ಮೆಲ್ಲರನ್ನೂ ಒಂದೇ ಕಣ್ಣಿನಲ್ಲಿ ನೋಡಿದಳು. ಟೈಲರಮ್ಮನ ಬಾಯಿ ಮುಚ್ಚಿತು. ಹೆಡ್‌ಮಾಸ್ಟರು ತಮಗೆ ಅರಿವಿಲ್ಲದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

“ಸಾಹೇಬ್ರೇ, ನಿಮ್ಮ ದೂರು ಏನು?” ಎಂದು ಕೇಳಿದೆ.

“ಬೇಜಾರು,” ಎಂದರು ಸಾಹೇಬರು. “ಗೇಟಲ್ಲಿ ನಿಂತೂ ನಿಂತೂ ಬೇಜಾರು.”

“ತಡವಾಗಿ ಬರೋರನ್ನ ಯಾಕೆ ಅಟ್ಟಿಸ್ಕೊಂಡು ಹೋಗ್ತೀರಿ?”

“ತಡ ಅಂದ್ರೆ ಏನು? ನಂಗೆ ಗಡಿಯಾರ ನೋಡಕ್ಕೆ ಬರಲ್ಲ. ಅವರು ಓಡ್ತಾರೆ, ನಾನೂ ಓಡ್ತೀನಿ. ಓಡಿದ್ರೆ ಆಟ ಅಂದ್ಕೋತೀನಿ.”

“ಅಂದ್ರೆ… ಶಿಸ್ತು?” ಎಂದರು ಹೆಡ್‌ಮಾಸ್ಟರು, ತಾವು ತಾಯಿಯ ಕಡೆಯೆಂಬುದನ್ನು ಮರೆತು.

“ಅದನ್ನ ತಿಂತಾರಾ?” ಎಂದು ಸಾಹೇಬರು ವಿಚಾರಿಸಿದರು.

ಹೆಡ್‌ಮಾಸ್ಟರು ಮುಂಗೈಯ ಪಟ್ಟಿಯನ್ನು ಸವರಿಕೊಂಡರು.

“ಮತ್ತೆ ಆ ಒಂದು ಹುಡುಗಿ?” ಎಂದೆ. “ಅವಳು ತಡವಾಗಿ ಬರಲ್ವಲ್ಲ.”

“ಬರಲ್ಲ. ಅವಳು ಬೇಗ ಬರ್ತಾಳೆ, ಮೆತ್ತಗೆ ನಡೀತಾಳೆ. ಆದ್ರೆ ಅವಳ ಮೈಮೇಲೆಲ್ಲ…” ಸಾಹೇಬರು ನಿಲ್ಲಿಸಿದರು. ಸ್ಟೂಲಿನಿಂದ ನನ್ನತ್ತ ಬಗ್ಗಿ, ಪುಟ್ಟಿಯ ದನಿಯಲ್ಲಿ ಪಿಸುಗುಟ್ಟಿದರು. “ಅಕ್ಕಾ, ಇದು ಸಾಹೇಬ್ರು ಹೇಳಿದ್ದು ಅಂತಾನೇ ಲೆಕ್ಕ ಅಲ್ವಾ? ನಾನು ಹೇಳಿದ ಹಾಗಾಗಲ್ವಲ್ಲ?”

“ಇಲ್ಲಿ ಕೂತವರು ಸಾಹೇಬ್ರು. ಪುಟ್ಟಿ ಇಲ್ಲಿಲ್ಲ.”

ಸಾಹೇಬರು ಮತ್ತೆ ಎದೆ ಉಬ್ಬಿಸಿದರು. “ಫ್ರಿಲ್ಲು! ಕೆಳಗೆ ಫ್ರಿಲ್ಲು, ತೋಳಲ್ಲಿ ಫ್ರಿಲ್ಲು, ಬ್ಯಾಗಿಗೆ ಫ್ರಿಲ್ಲು, ಬಾಟಲಿಗೂ ಫ್ರಿಲ್ಲು! ಗಾಳಿ ಬಂದ್ರೆ ಪಟಪಟ ಅನ್ನತ್ತೆ. ಅಷ್ಟು ಅಲ್ಲಾಡ್ತಿದ್ರೆ ಕೊಕ್ಕು ಹಾಕ್ದೆ ಹೇಗಿರ್ಲಿ? ನಾನೂ ಒಂದು ಪ್ರಾಣಿ ತಾನೇ?”

“ಆ ಹುಡುಗಿ ಅವರಮ್ಮಂಗೆ ಹೇಳ್ಬಹುದಿತ್ತು.”

“ಹೇಳಲ್ಲ.” ಸಾಹೇಬರ ಕತ್ತು ಸ್ವಲ್ಪ ತಗ್ಗಿತು. “ಅವರಮ್ಮ ಬೇರೆಯವರ ಬಟ್ಟೆ ಹೊಲಿಯುವಾಗ ದಾರ ಕಚ್ಕೊಂಡು ಸುಮ್ನೆ ಇರ್ತಾರೆ. ಫ್ರಿಲ್ಲು ಹೊಲಿಯುವಾಗ ಮಾತ್ರ ಹಾಡ್ತಾರೆ.”

ಕೆಳಗಿನ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು. ಬುಟ್ಟಿಯಲ್ಲಿದ್ದ ನಿಜವಾದ ಸಾಹೇಬರು ಒಮ್ಮೆ “ಹಾಂಕ್” ಎಂದು ಹೇಳಿಕೆಯನ್ನು ಅನುಮೋದಿಸಿದರು.

ಮೊದಲು ಎದ್ದವರು ಟೈಲರಮ್ಮ. “ಸರಿಯಾಗೇ ಹೇಳ್ತಿದಾರೆ ಸಾಹೇಬ್ರು! ಕಣ್ಣೆದುರಿಗೆ ಅಷ್ಟೆಲ್ಲ ಅಲ್ಲಾಡಿಸ್ಕೊಂಡು ಹೋದ್ರೆ ಪಾಪ ಅವರೇನು ಮಾಡಕ್ಕಾಗತ್ತೆ? ಶಾಲೆಗೆ ಬರೋ ಮಗುಗೆ ಅಷ್ಟು ಫ್ರಿಲ್ಲು ಯಾಕೆ? ಯಾರು ಅದನ್ನ ಹೊಲಿದ…”

ಅಲ್ಲಿಗೆ ಮಾತು ನಿಂತಿತು. ಟೈಲರಮ್ಮ ಕನ್ನಡಕ ತೆಗೆದರು. ಮಗಳನ್ನು ನೋಡಿದರು, ಫ್ರಿಲ್ಲನ್ನು ನೋಡಿದರು. “ನಾನೇ,” ಎಂದರು ಸಣ್ಣಗೆ.

“ಫ್ರಿಲ್ಲಿಗೆ ಯಾರೂ ಕೈ ಹಾಕಕೂಡ್ದು!” ಎಂದು ಹೆಡ್‌ಮಾಸ್ಟರು ಎದ್ದುನಿಂತರು. “ತಾಯಿ ಪ್ರೀತಿಯಿಂದ ಹೊಲಿದ ಫ್ರಿಲ್ಲು! ಬೇಡ ಅಂತ ಯಾವ ನಿಯಮದಲ್ಲಿದೆ?”

“ನಿಮ್ಮ ನಿಯಮದಲ್ಲೇ ಇದೆ ಸಾರ್. ಸಮವಸ್ತ್ರ ಸಾದಾ ಇರ್ಬೇಕು ಅಂತ,” ಎಂದೆ.

“ಯಾರು ಮಾಡಿದ್ದು ಅಂಥ ಕಟುಕ ನಿಯಮ?”

ದೊಡ್ಡಕ್ಕ ಮಫ್ಲರನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅವರ ಭುಜಗಳು ಕುಲುಕುತ್ತಿದ್ದವು, ಸದ್ದು ಮಾತ್ರ ಬರುತ್ತಿರಲಿಲ್ಲ.

ಟೈಲರಮ್ಮ ಸ್ಟೂಲಿನ ಮುಂದೆ ಮಂಡಿಯೂರಿ ಕೂತು, ಚೀಲದಿಂದ ಪುಟ್ಟ ಕತ್ತರಿ ತೆಗೆದರು. “ಹುಚ್ಚಿ! ಹಾಡು ಬೇಕು ಅಂದ್ರೆ ದಿಂಬಿನ ಕವರು ಹೊಲಿಯುವಾಗ್ಲೂ ಹಾಡ್ತೀನಿ ಕಣೇ. ಬಾಯಿ ನಂದು, ದಾರ ಎಲ್ಲಿ ಬೇಕಾದ್ರೂ ಇಡ್ತೀನಿ.”

“ಕಣೇ ಅನ್ಬೇಡಿ,” ಎಂದರು ಸಾಹೇಬರು, ಕಣ್ಣೊರೆಸಿಕೊಳ್ಳುತ್ತ. “ನಾನು ಸಾಹೇಬ್ರು.”

“ತಪ್ಪಾಯ್ತು ಸಾಹೇಬ್ರೇ. ಕಾಲು ಸ್ವಲ್ಪ ಎತ್ತಿ.”

ಅವರು ಫ್ರಿಲ್ಲನ್ನು ಕತ್ತರಿಸಲಿಲ್ಲ. ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಹೆಡ್‌ಮಾಸ್ಟರು ಪಕ್ಕದಲ್ಲೇ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಮಾಡಿಕೊಂಡು, “ಬಾಟಲಿದೊಂದಾದ್ರೂ ಇರ್ಲಿ. ಬ್ಯಾಗಿನೊಳಗೆ ಇಟ್ಕೊಳ್ಲಿ,” ಎಂದು ಅಂಗಲಾಚುತ್ತಿದ್ದರು. ಸಾಹೇಬರು ಆಲೋಚಿಸಿ, ಅದಕ್ಕೆ ಅನುಮತಿ ಕೊಟ್ಟರು.

ಶನಿವಾರ ಬೆಳಿಗ್ಗೆ ಟೈಲರಮ್ಮ, ಪುಟ್ಟಿಯ ಜೊತೆ ನಾನೂ ಶಾಲೆಯ ಬೀದಿಗೆ ಹೋದೆ. ದೊಡ್ಡಕ್ಕ ಬರಲಿಲ್ಲ, ಡಾಕ್ಟರು ಅವರ ಮನೆಯ ಎದುರೇ ಇದ್ದಾರೆ, ನಿನ್ನೆ ಹೊರಗೆ ಹೋದದ್ದು ಅವರಿಗೆ ಗೊತ್ತಾಗಿಹೋಗಿತ್ತು. ಸಾಹೇಬರು ಬುಟ್ಟಿಯ ಅವಮಾನ ಮರೆತು, ಎಂದಿನಂತೆ ಗೇಟಿನಲ್ಲಿ ಕೆಲಸಕ್ಕೆ ಹಾಜರಾಗಿದ್ದರು. ಹೆಡ್‌ಮಾಸ್ಟರು ಬಹಳ ಮುಂಚೆಯೇ ಬಂದಿದ್ದರೂ ಒಳಗೆ ಹೋಗದೆ, ಕನ್ನಡಕ ಸರಿಮಾಡಿಕೊಳ್ಳುತ್ತ ಹೊರಗೆ ನಮ್ಮ ಜೊತೆ ನಿಂತಿದ್ದರು.

“ನಮ್ಮ ಮಗು ಹೆದರ್ಕೊಂಡ್ರೆ ಏನ್ರೀ ಮಾಡೋದು?” ಎಂದರು.

“ನಮ್ಮ ಸಾಹೇಬ್ರು ಗಾಬರಿಯಾಗ್ದೇ ಇದ್ರೆ ಸಾಕು,” ಎಂದರು ಟೈಲರಮ್ಮ.

ಪುಟ್ಟಿ ಒಬ್ಬಳೇ ಹೊರಟಳು. ಸಾದಾ ಬೂದು ಬಟ್ಟೆಯಲ್ಲಿ ಅವಳು ಇನ್ನಷ್ಟು ಚಿಕ್ಕವಳಾಗಿ ಕಂಡಳು. ಬಿಚ್ಚಿದ ಹೊಲಿಗೆಯ ಸಣ್ಣ ತೂತುಗಳು ಲಂಗದ ಸುತ್ತ ಸಾಲಾಗಿದ್ದವು. ಸಾಹೇಬರು ತಿರುಗಿದರು. ಕತ್ತು ತಗ್ಗಿಸಿ, ನೆಲಕ್ಕೆ ಸಮನಾಗಿ ಚಾಚಿ, ಅವಳತ್ತ ಬಂದರು. ಟೈಲರಮ್ಮನ ಉಗುರುಗಳು ನನ್ನ ತೋಳಿಗೆ ನಾಟಿದವು. ಇನ್ನೊಂದು ತೋಳಿಗೆ ಹೆಡ್‌ಮಾಸ್ಟರ ಉಗುರು.

ಪುಟ್ಟಿ ನಿಂತಳು. ಲಂಗದ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಆದರೆ ಓಡಲಿಲ್ಲ. ಸಾಹೇಬರು ಅವಳ ಸುತ್ತ ಒಂದು ಸುತ್ತು ಬಂದರು. ಲಂಗದ ಅಂಚನ್ನು ಪರೀಕ್ಷಿಸಿದರು. ಬ್ಯಾಗಿನ ಮೂಲೆಗೆ ಕೊಕ್ಕು ತಾಗಿಸಿ ನೋಡಿದರು. ಅಲ್ಲಾಡುವಂಥದ್ದು ಏನೂ ಸಿಗದೆ, ನಿರಾಶೆಯಿಂದ ರೆಕ್ಕೆ ಕೊಡವಿ, ದಾರಿ ಬಿಟ್ಟರು. ಪುಟ್ಟಿ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಗೇಟು ದಾಟಿದಳು. ಜಗುಲಿಯಲ್ಲಿ ಕಾದಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಕಿರುಚುತ್ತ ಬಂದು ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಟೈಲರಮ್ಮ ಅತ್ತರು. ಹೆಡ್‌ಮಾಸ್ಟರು ಅವರಿಗಿಂತ ಜೋರಾಗಿ ಅತ್ತರು.

ಆಗ ಬೆಲ್ ಹೊಡೆಯಿತು.

“ಅಯ್ಯೋ, ಬೆಲ್!” ಎಂದು ಹೆಡ್‌ಮಾಸ್ಟರು ಗೇಟಿನತ್ತ ಓಡಿದರು. ಸಾಹೇಬರ ಮುಖ ಅರಳಿತು. ಅವರೂ ಓಡಿದರು. ಹೆಡ್‌ಮಾಸ್ಟರು ತಿರುಗಿ ನಮ್ಮ ಕಡೆ ಓಡಿದರು. “ಸಾಹೇಬ್ರನ್ನ ತುಳೀಬೇಡ್ರೀ!” ಎಂದು ಟೈಲರಮ್ಮ ಅಡ್ಡ ಬಂದರು, ಅವರ ಶಾಲು ಗಾಳಿಗೆ ಪಟಪಟನೆ ಹಾರಿತು. ಸಾಹೇಬರಿಗೆ ಯಾರನ್ನು ಹಿಡಿಯಲಿ, ಯಾರನ್ನು ಬಿಡಲಿ ಎಂಬಂಥ ಭಾಗ್ಯ. ನನ್ನನ್ನು ಯಾರೂ ಅಟ್ಟುತ್ತಿರಲಿಲ್ಲ. ಆದರೂ ನಾನು ಓಡಿದೆ. ಓಡುತ್ತ, ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕಿರುಚಿದೆ. ನನ್ನೊಳಗೆ ಅಷ್ಟು ದೊಡ್ಡ ದನಿಯಿದೆಯೆಂದು ನನಗೇ ತಿಳಿದಿರಲಿಲ್ಲ.

“ಓಡ್ಬೇಡಿ!” ಎಂದು ಶಾಲೆಯ ಕಡೆಯಿಂದ ಇನ್ನೊಂದು ದನಿ ಬಂತು.

ತರಗತಿಯ ಕಿಟಕಿಯಲ್ಲಿ ಪುಟ್ಟಿಯ ಮುಖವಿತ್ತು. ಸರಳು ಹಿಡಿದು, ಇಡೀ ಬೀದಿಗೆ ಪಾಠ ಹೇಳುತ್ತಿದ್ದಳು. “ಓಡ್ಬೇಡಿ! ಅವರು ಆಟ ಅಂದ್ಕೋತಾರೆ! ಇದ್ದಲ್ಲೇ ನಿಂತ್ಕೊಳ್ಳಿ! ಅಮ್ಮಾ, ಶಾಲು ಕೈಯಲ್ಲಿ ಹಿಡ್ಕೋ! ಸಾರ್, ಅಲ್ಲಾಡ್ಬೇಡಿ!”

ನಾವು ಇದ್ದಲ್ಲೇ ನಿಂತೆವು. ಟೈಲರಮ್ಮ ಶಾಲನ್ನು ಉಂಡೆ ಮಾಡಿ ಹೊಟ್ಟೆಗೆ ಒತ್ತಿಕೊಂಡು, ನಾನು ದೀಪದ ಕಂಬಕ್ಕೆ ಒರಗಿ, ಹೆಡ್‌ಮಾಸ್ಟರು ಓಡುವಾಗ ಎತ್ತಿದ ಕಾಲನ್ನು ಎತ್ತಿದಂತೆಯೇ. ಒಳಗಿನಿಂದ ಟೀಚರು ಹಾಜರಿ ಕರೆಯುವುದು ಕೇಳಿಸುತ್ತಿತ್ತು. ಒಂದು ಹೆಸರಿಗೆ ಕಿಟಕಿಯಲ್ಲಿದ್ದ ಮುಖ ಥಟ್ಟನೆ ಒಳಕ್ಕೆ ತಿರುಗಿತು.

“ಬಂದಿದೀನಿ ಮಿಸ್!”

ಕಿಟಕಿ ಖಾಲಿಯಾಯಿತು. ಸಾಹೇಬರು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿ, ಬೇಸರದಿಂದ ನಮ್ಮ ಮಧ್ಯದಲ್ಲೇ ಬೀದಿಯ ಮೇಲೆ ಕುಕ್ಕರಿಸಿದರು.

“ಎಷ್ಟು ಹೊತ್ತು ಹೀಗೆ?” ಎಂದು ಹೆಡ್‌ಮಾಸ್ಟರು ತುಟಿ ಅಲ್ಲಾಡಿಸದೆ ಕೇಳಿದರು.

“ಶ್!” ಎಂದರು ಟೈಲರಮ್ಮ. “ಕ್ಲಾಸ್ ನಡೀತಿದೆ.”